ಬೆನ್ನು ತಿರುಗಿಸಿ ನಿಂತವರು: ಮುಖ ಬರೆಯಲೊಲ್ಲದ ಒಂದು ಮಗುವಿನ ಪ್ರಕರಣ

ಹತ್ತು ವರ್ಷದ ಆ ಹುಡುಗಿಯ ಚಿತ್ರದ ಪುಸ್ತಕದಲ್ಲಿ ಒಂದರ ಹಿಂದೊಂದರಂತೆ ಒಂಬತ್ತು ಪುಟಗಳ ತುಂಬ ಜನ. ಒಬ್ಬರಿಗೂ ಮುಖವಿಲ್ಲ. ಮರದಡಿ ಕುಳಿತವರು ಮರದ ಕಾಂಡವನ್ನೇ ನೋಡುತ್ತಿದ್ದಾರೆ, ಆಡುವ ಮಕ್ಕಳು ನಮ್ಮಿಂದ ಆಚೆಗೆ ಓಡುತ್ತಿದ್ದಾರೆ, ಬಾಗಿಲಲ್ಲಿರುವ ಹೆಂಗಸು ಒಳಗೆ ಹೆಜ್ಜೆ ಇಡುತ್ತಿದ್ದಾಳೆ. ಎಲ್ಲರ ಬೆನ್ನೂ ನಮ್ಮ ಕಡೆಗೆ. ಜಡೆಗಳನ್ನು ಮಾತ್ರ ಹೆಣಿಗೆ ಎಣಿಸುವಷ್ಟು ಅಚ್ಚುಕಟ್ಟಾಗಿ ಬರೆದಿದ್ದಳು.

ಮೊದಲು ನನಗೆ ಇದು ಜಾಣತನವೆನಿಸಿತು. ಕಷ್ಟದ ಜಾಗವನ್ನು ತಪ್ಪಿಸುವ ಉಪಾಯ ದೊಡ್ಡವರಿಗೂ ಗೊತ್ತು. ಬೆರಳು ಬರೆಯಲು ಬಾರದವರು ಚಿತ್ರದಲ್ಲಿರುವವನ ಕೈಯನ್ನು ಜೇಬಿಗೆ ಇಳಿಸುತ್ತಾರೆ. ಮೂರನೆಯ ವಾರವೂ ಯಾರೊಬ್ಬರೂ ಇತ್ತ ತಿರುಗದಿದ್ದಾಗ, “ಇವರೆಲ್ಲ ಯಾರು?” ಎಂದು ಕೇಳಿದೆ.

“ಯಾರೋ, ಸರ್. ಹಿಂದಿನಿಂದ ನೋಡಿದರೆ ಯಾರೆಂದು ಹೇಗೆ ಗೊತ್ತಾಗುತ್ತದೆ?”

ಮಾತಿನಲ್ಲಿ ತುಂಟತನವಿರಲಿಲ್ಲ. ಯಾರೆಂದು ಗೊತ್ತಾಗಬಾರದು ಎಂಬುದೇ ಅವಳ ಏರ್ಪಾಡಾಗಿತ್ತು. ಅವಳ ಹೆಸರು, ಊರು, ತರಗತಿ ನಡೆಯುವ ಜಾಗ ಯಾವುದನ್ನೂ ಇಲ್ಲಿ ಹೇಳುವುದಿಲ್ಲ. ಹೇಳಲೇಬೇಕಾದ ಒಂದು ವಿಷಯವಿದೆ: ಇದಕ್ಕೆ ಸುಮಾರು ಎರಡು ತಿಂಗಳ ಹಿಂದೆ ಆ ಮಕ್ಕಳಿಗೆ ಮುಖ ಬರೆಯುವುದನ್ನು ಕಲಿಸಿದವನು ನಾನೇ.

ಮೊಟ್ಟೆಯ ಪಾಠ

ವಾರಕ್ಕೊಮ್ಮೆ ನಡೆಯುವ ತರಗತಿ, ಎಂಟರಿಂದ ಹನ್ನೊಂದು ವರ್ಷದ ಹದಿನಾಲ್ಕು ಮಕ್ಕಳು. ನಾನು ಕಲಿಸಿದ್ದು ಎಲ್ಲರೂ ಕಲಿಸುವುದನ್ನೇ. ಮೊಟ್ಟೆಯಾಕಾರ ಬರೆಯಿರಿ, ಚೂಪು ತುದಿ ಕೆಳಗಿರಲಿ. ನಡುವೆ ಉದ್ದಕ್ಕೊಂದು, ಅಡ್ಡಕ್ಕೊಂದು ಗೆರೆ ಎಳೆಯಿರಿ. ಅಡ್ಡಗೆರೆಯ ಮೇಲೆ ಕಣ್ಣು. ತಲೆಯ ಅಗಲ ಐದು ಕಣ್ಣಿನಷ್ಟು. ಎರಡು ಕಣ್ಣುಗಳ ನಡುವೆ ಇನ್ನೊಂದು ಕಣ್ಣು ಹಿಡಿಸುವಷ್ಟು ಜಾಗ. ಕೂದಲಂಚಿನಿಂದ ಹುಬ್ಬು, ಹುಬ್ಬಿನಿಂದ ಮೂಗಿನ ಬುಡ, ಮೂಗಿನ ಬುಡದಿಂದ ಗದ್ದ, ಈ ಮೂರೂ ಸಮ. ಕಿವಿ ಹುಬ್ಬಿಗೂ ಮೂಗಿನ ಬುಡಕ್ಕೂ ನಡುವೆ. ಕಟಬಾಯಿ ಹೆಚ್ಚುಕಡಿಮೆ ಪಾಪೆಗಳ ನೇರಕ್ಕೆ.

ಇದರಲ್ಲಿ ಸುಳ್ಳೇನೂ ಇಲ್ಲ. ವಿಷ್ಣುಧರ್ಮೋತ್ತರ ಪುರಾಣದ ಚಿತ್ರಸೂತ್ರ ಮುಖವನ್ನು 12 ಅಂಗುಲವೆಂದು ಇಟ್ಟುಕೊಂಡು ಹಣೆಗೆ 4, ಮೂಗಿಗೆ 4, ಅಲ್ಲಿಂದ ಗದ್ದಕ್ಕೆ 4 ಎಂದು ಹಂಚುತ್ತದೆ. ರೋಮಿನ ವಾಸ್ತುಶಿಲ್ಪಿ ವಿಟ್ರುವಿಯಸ್ ಹೇಳುವ ಮೂರು ಪಾಲೂ ಇವೇ. ಅಂಗೈಯ ಬುಡದಿಂದ ನಡುಬೆರಳಿನ ತುದಿಯವರೆಗಿನ ಉದ್ದ ಗದ್ದದಿಂದ ಕೂದಲಂಚಿನವರೆಗಿನ ಉದ್ದಕ್ಕೆ ಸಮ ಎಂಬುದನ್ನೂ ಅವನು ಸೇರಿಸುತ್ತಾನೆ. ಇದನ್ನು ಹೇಳಿದ ಕೂಡಲೇ ಹದಿನಾಲ್ಕೂ ಮಕ್ಕಳು ತಮ್ಮ ಕೈಯಿಂದ ತಮ್ಮ ಮುಖವನ್ನೇ ಮುಚ್ಚಿಕೊಂಡು ಕುಳಿತರು. ಅಲ್ಲಿಗೆ ಬಿಟ್ಟಿದ್ದರೆ ಚೆನ್ನಾಗಿತ್ತು.

ಅಂದು ನಾನು ಬಿಡಿಸಿ ಹೇಳದ ಒಂದು ಗಂಟಿತ್ತು. ‘ಅರ್ಧಕ್ಕೆ ಕಣ್ಣು’ ಎಂಬ ಲೆಕ್ಕ ನೆತ್ತಿಯಿಂದ ಶುರುವಾಗುತ್ತದೆ. ‘ಮೂರು ಪಾಲು’ ಎಂಬ ಲೆಕ್ಕ ಕೂದಲಂಚಿನಿಂದ. ಎರಡಕ್ಕೂ ಒಂದೇ ತುದಿ ಹಿಡಿದ ಮಕ್ಕಳ ಹಾಳೆಯಲ್ಲಿ ಹಣೆ ಬೆರಳಗಲವಾಯಿತು, ಇಲ್ಲವೇ ಕೂದಲು ತಟ್ಟೆಯಂತೆ ಚಪ್ಪಟೆಯಾಗಿ ಕುಳಿತಿತು. ಮುಖ ಬರೆಯುವಾಗ ಕಣ್ಣು ಮೇಲಕ್ಕೆ ಜಾರುವುದು ಮಕ್ಕಳಲ್ಲಿ ಮಾತ್ರ ಕಾಣುವ ತಪ್ಪೇನೂ ಅಲ್ಲ. ಹಣೆಯಲ್ಲಿ, ನೆತ್ತಿಯಲ್ಲಿ ನೋಡುವಂಥದ್ದು ಏನೂ ಇಲ್ಲ. ನೋಡುವಂಥದ್ದಿಲ್ಲದ ಜಾಗಕ್ಕೆ ಕೈ ಹಾಳೆಯಲ್ಲಿ ಜಾಗ ಕೊಡುವುದಿಲ್ಲ.

ಆ ದಿನದ ಹದಿನಾಲ್ಕು ಹಾಳೆಗಳನ್ನು ಗೋಡೆಗೆ ಅಂಟಿಸಿದೆ. ಕರೆದೊಯ್ಯಲು ಬಂದ ತಂದೆ ತಾಯಂದಿರು ಹಿಗ್ಗಿದರು. ಹದಿನಾಲ್ಕು ಹಾಳೆಗಳಲ್ಲಿ ಒಬ್ಬಳೇ ತಾಯಿಯ ಮಕ್ಕಳಿದ್ದಂತಿತ್ತು. ಅದು ನನಗೂ ಕಂಡಿತ್ತು. ಮೆಚ್ಚುಗೆಯ ಗದ್ದಲದಲ್ಲಿ ಅದರ ಕಡೆ ಗಮನ ಕೊಡಲಿಲ್ಲ.

ಅಜ್ಜಿ ಕಳೆದುಹೋದದ್ದು

ಹುಡುಗಿಯ ಪುಸ್ತಕವನ್ನು ಹಿಂದಕ್ಕೆ ಮಗುಚಿದೆ. ಬೆನ್ನಿನ ಚಿತ್ರಗಳಿಗಿಂತ ಮುಂಚಿನ ಒಂದು ಪುಟವನ್ನು ರಬ್ಬರ್ ಹಾಕಿ ಹಾಕಿ ಹಾಳೆ ನವೆದುಹೋಗಿತ್ತು. ಮೊಟ್ಟೆ, ಅಡ್ಡಗೆರೆ, ಐದು ಕಣ್ಣಿನ ಗುರುತು, ಎಲ್ಲವೂ ಕ್ರಮವಾಗಿವೆ. ಅಷ್ಟರ ಮೇಲೆ ಹಣೆಯಲ್ಲಿ ಮೂರು ಗೆರೆ, ಕೆನ್ನೆಯಲ್ಲಿ ಎರಡೆರಡು. ಇಪ್ಪತ್ತರ ಹರೆಯದ ಹೆಂಗಸೊಬ್ಬಳ ಮುಖದ ಮೇಲೆ ಯಾರೋ ಗೀಚಿದಂತಿತ್ತು.

“ಇದು ನನ್ನ ಅಜ್ಜಿ ಆಗಬೇಕಿತ್ತು,” ಎಂದಳು. “ಆಗಲಿಲ್ಲ. ನೀವು ಹೇಳಿದ ಹಾಗೆಯೇ ಬರೆದೆ.”

ಆ ಕೊನೆಯ ಮಾತು ಇನ್ನೂ ನನ್ನ ಕಿವಿಯಲ್ಲಿದೆ.

ಇನ್ನೂ ಹಿಂದಕ್ಕೆ ಹೋದರೆ, ಮೊಟ್ಟೆಯ ಪಾಠಕ್ಕಿಂತ ಮೊದಲು ಬರೆದ ಇನ್ನೊಬ್ಬಳು ಅಜ್ಜಿ ಇದ್ದಳು. ಕಣ್ಣುಗಳು ಕೂದಲಿಗೆ ತಾಗಿದ್ದವು. ಮುಖ ನೇರಕ್ಕಿದ್ದರೂ ಮೂಗು ಪಕ್ಕದಿಂದ ಕಂಡ ಮೂಗು. ಬಾಯಿಗೆ ತುಟಿಯೇ ಇಲ್ಲ. ಒಂದು ಚುಕ್ಕೆಯ ಸುತ್ತ ಸಣ್ಣ ಸಣ್ಣ ಗೆರೆಗಳು, ದಾರ ಎಳೆದು ಕಟ್ಟಿದ ಚೀಲದ ಬಾಯಿಯಂತೆ. ಅದರ ಕೆಳಗೇ, ಒಂದಿಷ್ಟೂ ಜಾಗ ಬಿಡದೆ, ಮುಂದಕ್ಕೆ ಚಾಚಿದ ಗದ್ದ. ಅಳತೆ ಹಿಡಿದು ಹೊರಟರೆ ಒಂದೂ ಸರಿಯಿಲ್ಲ. ಆದರೆ ಆ ಮುದುಕಿಯನ್ನು ದಾರಿಯಲ್ಲಿ ಕಂಡರೆ ನಾನು ಗುರುತು ಹಿಡಿಯುತ್ತಿದ್ದೆ.

ಮಗು ತನಗೆ ಕಂಡದ್ದಕ್ಕಿಂತ ಗೊತ್ತಿರುವುದನ್ನು ಬರೆಯುತ್ತದೆ ಎಂದು ಫ್ರಾನ್ಸಿನ ಜಾರ್ಜ್ ಹೆನ್ರಿ ಲ್ಯೂಕೆ 1927ರಲ್ಲಿ ವಾದಿಸಿದ್ದ. ನೇರ ಮುಖದಲ್ಲಿ ಪಕ್ಕದ ಮೂಗು ಬರುವುದು ಹೀಗೆ: ಮೂಗು ಮೂಗಾಗಿ ಚೆನ್ನಾಗಿ ತೋರುವುದು ಪಕ್ಕದಿಂದಲೇ. ಪ್ರಾಚೀನ ಈಜಿಪ್ಟಿನ ಗೋಡೆಚಿತ್ರಗಳಲ್ಲಿ ಇದೇ ತಿರುಗುಮುರುಗಾಗಿದೆ. ಮುಖ ಪಕ್ಕಕ್ಕೆ, ಕಣ್ಣು ನೇರಕ್ಕೆ. ನಮ್ಮ ಹುಡುಗಿಗೆ ಅಜ್ಜಿಯ ಬಾಯಲ್ಲಿ ಹಲ್ಲಿಲ್ಲವೆಂಬುದು ಗೊತ್ತಿತ್ತು. ಆ ತಿಳಿವಳಿಕೆಯೇ ಆ ಬಾಯಿಯಾಗಿ, ಆ ಗದ್ದವಾಗಿ ಹಾಳೆಗೆ ಇಳಿದಿತ್ತು. ನಾನು ಕೊಟ್ಟ ಸೂತ್ರ ಅದನ್ನು ತಿದ್ದಿತು.

ತಿದ್ದಿದ್ದು ಎಲ್ಲಿ ಎಂದು ನೋಡಿದರೆ ತಪ್ಪು ಇನ್ನೂ ಸ್ಪಷ್ಟವಾಗುತ್ತದೆ. ಹಲ್ಲುಗಳು ಉದುರಿದ ಮೇಲೆ ಅವುಗಳನ್ನು ಹಿಡಿದಿದ್ದ ದವಡೆಯ ಮೂಳೆ ಸವೆಯುತ್ತದೆ. ಬಾಯಿ ಮುಚ್ಚಿದಾಗ ಕೆಳದವಡೆ ಮೊದಲಿಗಿಂತ ಮೇಲಕ್ಕೆ ಬಂದು ನಿಲ್ಲುತ್ತದೆ, ತುಟಿ ಒಳಕ್ಕೆ ಹೋಗುತ್ತದೆ, ಗದ್ದ ಮೂಗಿನ ಸಮೀಪಕ್ಕೆ ಬರುತ್ತದೆ. ಮೂಗಿನ ತುದಿ ವಯಸ್ಸಿನೊಂದಿಗೆ ಇಳಿದು ಆ ದಾರಿಯನ್ನು ಮತ್ತಷ್ಟು ಚಿಕ್ಕದು ಮಾಡುತ್ತದೆ. ಕಿವಿಯೂ ಬೆಳೆಯುತ್ತಲೇ ಇರುತ್ತದೆ. 1995ರಲ್ಲಿ ಬ್ರಿಟನ್ನಿನ ವೈದ್ಯರು ಅಳೆದು ನೋಡಿದಾಗ ವರ್ಷಕ್ಕೆ ಸರಾಸರಿ 0.22 ಮಿಲಿಮೀಟರ್ ಬಂತು, ಅಂದರೆ ಐವತ್ತು ವರ್ಷಕ್ಕೆ ಒಂದು ಸೆಂಟಿಮೀಟರಿಗೂ ಹೆಚ್ಚು. ಆದ್ದರಿಂದ ಅಜ್ಜಿಯ ಮುಖದಲ್ಲಿ ಮೂರು ಪಾಲು ಸಮವಿಲ್ಲ, ಕಿವಿ ಹುಬ್ಬಿನಿಂದ ಮೂಗಿನ ಬುಡಕ್ಕೆ ನಿಲ್ಲುವುದಿಲ್ಲ. ಸಮ ಮಾಡಿದ ಕೂಡಲೇ ಅವಳಿಗೆ ಹಲ್ಲು ಮರಳಿ ಬಂದವು, ವಯಸ್ಸು ಹೋಯಿತು. ಮೇಲೆ ಎಳೆದ ಸುಕ್ಕಿನ ಗೆರೆಗಳಿಗೆ ಅದನ್ನು ವಾಪಸು ತರುವ ಶಕ್ತಿಯಿರಲಿಲ್ಲ.

ಒಂಬತ್ತು ಹತ್ತರ ವಯಸ್ಸಿನಲ್ಲಿ ಮಕ್ಕಳ ಕಣ್ಣು ಕೈಗಿಂತ ಮುಂದೆ ಓಡುತ್ತದೆ. ಆರು ವರ್ಷದ ಮಗು ಇದೇ ಚಿತ್ರವನ್ನು “ಇದು ಅಜ್ಜಿ” ಎಂದು ಘೋಷಿಸಿ ಆಟಕ್ಕೆ ಓಡುತ್ತಿತ್ತು. ಹತ್ತರವಳಿಗೆ ಅಜ್ಜಿ ಬಂದಿಲ್ಲವೆಂಬುದು ಕಂಡಿತು, ಏಕೆ ಬಂದಿಲ್ಲವೆಂಬುದು ಕಾಣಲಿಲ್ಲ. ಅಲ್ಲಿಂದ ಮುಂದೆ ಎಲ್ಲರೂ ಬೆನ್ನು ತಿರುಗಿಸಿದರು.

(1926ರಲ್ಲಿ ಅಮೆರಿಕದ ಫ್ಲಾರೆನ್ಸ್ ಗುಡ್‌ಇನಫ್ ಎಂಬಾಕೆ, ಮಗು ಬರೆದ ಮನುಷ್ಯನ ಚಿತ್ರದಲ್ಲಿ ಕಣ್ಣು ಇದೆಯೇ, ಮೂಗು ಇದೆಯೇ, ಕತ್ತು ಇದೆಯೇ ಎಂದು ಅಂಶಗಳನ್ನು ಎಣಿಸಿ ಬುದ್ಧಿಮತ್ತೆ ಅಳೆಯುವ ಪರೀಕ್ಷೆ ಮಾಡಿದಳು. ಈ ಬೆನ್ನುಗಳಿಗೆ ಅದರಲ್ಲಿ ಎಷ್ಟು ಅಂಕ ಸಿಗುತ್ತಿತ್ತೋ ಎಂದು ನಾನು ಒಮ್ಮೊಮ್ಮೆ ಯೋಚಿಸುತ್ತೇನೆ.)

ಕೈಗೂಡದ ಎರಡು ಉಪಾಯಗಳು

ಮೊದಲು ತಲೆಕೆಳಗು ಮಾಡಿದೆ. ಒಂದು ಮುಖದ ಫೋಟೋವನ್ನು ಬುಡಮೇಲಾಗಿಟ್ಟು, ಕಂಡ ಗೆರೆಯನ್ನು ಕಂಡಂತೆ ಬರೆಯಲು ಹೇಳುವುದು. ನೆಟ್ಟಗಿರುವ ಮುಖವನ್ನು ನಾವು ಇಡಿಯಾಗಿ ಗುರುತಿಸುತ್ತೇವೆ. ತಿರುಗಿಸಿಟ್ಟಾಗ ಆ ಸಾಮರ್ಥ್ಯ ಮಂಕಾಗಿ ಬಿಡಿಭಾಗಗಳು ಉಳಿಯುತ್ತವೆ. 1980ರಲ್ಲಿ ಮನೋವಿಜ್ಞಾನಿ ಪೀಟರ್ ಥಾಂಪ್ಸನ್, ಆಗ ಬ್ರಿಟನ್ನಿನ ಪ್ರಧಾನಿಯಾಗಿದ್ದ ಮಾರ್ಗರೆಟ್ ಥ್ಯಾಚರ್ ಅವರ ಫೋಟೋದಲ್ಲಿ ಕಣ್ಣು ಬಾಯಿಗಳನ್ನು ಮಾತ್ರ ಕತ್ತರಿಸಿ ತಿರುಗಿಸಿ ಅಂಟಿಸಿ, ಇಡೀ ಚಿತ್ರ ತಲೆಕೆಳಗಿದ್ದಾಗ ಆ ವಿಕಾರ ಕಣ್ಣಿಗೆ ಬೀಳುವುದಿಲ್ಲವೆಂದು ತೋರಿಸಿದ್ದು ಹೆಸರಾಗಿದೆ. ಚಿತ್ರ ಬರೆಯುವವರಿಗೆ ಈ ಮಂಕು ಒಂದು ಅನುಕೂಲ: ‘ಕಣ್ಣು’ ಎಂಬ ಹೆಸರು ಮರೆತರೆ ಗೆರೆ ಕಾಣುತ್ತದೆ.

ಉಳಿದ ಮಕ್ಕಳಿಗೆ ಇದು ಹಬ್ಬವಾಯಿತು. ಇವಳೂ ಚೆನ್ನಾಗಿಯೇ ಬರೆದಳು. ಹಾಳೆ ತಿರುಗಿಸಿ ನೋಡಿ, “ಇದನ್ನು ನಾನು ಬರೆದಿಲ್ಲ, ಫೋಟೋ ಬರೆಸಿದ್ದು,” ಎಂದು ಪಕ್ಕಕ್ಕಿಟ್ಟಳು. ಆ ಮಾತಿಗೆ ನನ್ನ ಬಳಿ ಉತ್ತರವಿರಲಿಲ್ಲ. ನಕಲು ತೆಗೆಯುವ ಕೈ ಅವಳಿಗೆ ಮೊದಲೇ ಇತ್ತು. ಅವಳಿಗೆ ಬೇಕಿದ್ದದ್ದು ಒಬ್ಬ ನಿರ್ದಿಷ್ಟ ಮನುಷ್ಯೆ.

ಎರಡನೆಯದು ಕನ್ನಡಿ. ಒಂದು ಕಣ್ಣು ಮುಚ್ಚಿ, ತಲೆ ಅಲ್ಲಾಡಿಸದೆ, ಕನ್ನಡಿಯ ಮೇಲೆಯೇ ಸೋಪಿನ ಚೂರಿನಿಂದ ತಮ್ಮ ತಲೆಯ ಹೊರಗೆರೆ ಎಳೆಯುವುದು, ಕಣ್ಣು ಮೂಗು ಬಾಯಿಗೆ ಒಂದೊಂದು ಗೀಟು ಹಾಕುವುದು. ಬರೆದು ಮುಗಿಸಿ ಹಿಂದೆ ಸರಿದವರಿಗೆ ಆಶ್ಚರ್ಯ ಕಾದಿರುತ್ತದೆ. ಕನ್ನಡಿಯ ಮೇಲಿನ ತಲೆ ನಿಜವಾದ ತಲೆಯ ಅರ್ಧದಷ್ಟೇ ಇರುತ್ತದೆ, ಹತ್ತಿರ ನಿಂತು ಬರೆದರೂ ಅಷ್ಟೇ, ದೂರ ನಿಂತು ಬರೆದರೂ ಅಷ್ಟೇ. ಬಿಂಬವು ಕನ್ನಡಿಯ ಹಿಂದೆ ನಮ್ಮಷ್ಟೇ ದೂರದಲ್ಲಿರುವುದರಿಂದ ಕನ್ನಡಿಯ ಮೈ ಯಾವಾಗಲೂ ಅರ್ಧದಾರಿಯಲ್ಲಿರುತ್ತದೆ. ಕಣ್ಣಿನ ಮೇಲೆ ಎಷ್ಟೊಂದು ತಲೆ ಇದೆಯೆಂಬುದು ಮಕ್ಕಳಿಗೆ ಅರಿವಾದದ್ದು ಆ ದಿನವೇ. ಇನ್ನೊಂದು ವಿಷಯವೂ ಹೊರಬಿತ್ತು: ಚಿಕ್ಕವರ ಕಣ್ಣು ಅರ್ಧಕ್ಕಿಂತ ತುಸು ಕೆಳಗಿತ್ತು. ಹುಟ್ಟಿದ ಮಗುವಿನಲ್ಲಿ ಮುಖದ ಭಾಗಕ್ಕಿಂತ ಬುರುಡೆ ಸುಮಾರು ಎಂಟು ಪಟ್ಟು ದೊಡ್ಡದು. ಬೆಳೆದ ಮೇಲೆ ಅದು ಎರಡು, ಎರಡೂವರೆ ಪಟ್ಟಿಗೆ ಇಳಿಯುತ್ತದೆ. ಮಕ್ಕಳಿಗೆ ನಾನು ಕೊಟ್ಟ ಅರ್ಧದ ಲೆಕ್ಕ ದೊಡ್ಡವರದಾಗಿತ್ತು. ಅವರು ತಮ್ಮ ವಯಸ್ಸಿನವರನ್ನು ಬರೆದಾಗಲೆಲ್ಲ ಕುಳ್ಳ ದೊಡ್ಡವರು ಬರುತ್ತಿದ್ದುದು ಅದಕ್ಕೇ.

ಹುಡುಗಿ ತನ್ನ ಗೀಟುಗಳನ್ನು ಶ್ರದ್ಧೆಯಿಂದ ಅಳೆದಳು. ಮರುವಾರ ಮತ್ತೆ ಬೆನ್ನು ಬರೆದಳು.

ತಲೆ ತಿರುಗತೊಡಗಿದ್ದು

ಕೊನೆಗೆ ನಾನು ಅವಳ ಬೆನ್ನುಗಳ ಜೊತೆಗೇ ಹೋದೆ. ಇತ್ತ ತಿರುಗಿಸು ಎನ್ನುವುದನ್ನು ಬಿಟ್ಟೆ. ಮಕ್ಕಳನ್ನು ಒಬ್ಬರ ಹಿಂದೊಬ್ಬರಂತೆ ಸಾಲಾಗಿ ಕೂರಿಸಿ, ಮುಂದಿರುವವರ ತಲೆಯ ಹಿಂಭಾಗವನ್ನು ಬರೆಯಲು ಹೇಳಿದೆ. ಅವಳಿಗೆ ಅದು ತವರುಮನೆ. ಆದರೆ ನಾನು ಕೇಳಿದ್ದು ಜಡೆಯನ್ನಲ್ಲ, ಕಿವಿಯನ್ನು. ಹಿಂದಿನಿಂದ ನೋಡಿದಾಗ ಕಿವಿ ಎಲ್ಲಿ ಶುರುವಾಗುತ್ತದೆ, ಕತ್ತು ತಲೆಯನ್ನು ಎಷ್ಟು ಮೇಲೆ ಸೇರುತ್ತದೆ, ಇವನ ಹಾಲೆ ಜೋತಿದೆಯೇ ಕೆನ್ನೆಗೆ ಅಂಟಿದೆಯೇ? ಅರ್ಧ ಗಂಟೆಯೊಳಗೆ ಅವರು ಹಾಳೆ ನೋಡಿಯೇ “ಇದು ಅವನ ಕಿವಿ” ಎಂದು ಹೆಸರು ಹಿಡಿದು ಹೇಳತೊಡಗಿದರು. ಹಿಂದಿನಿಂದ ಯಾರೆಂದು ಗೊತ್ತಾಗುವುದಿಲ್ಲ ಎಂಬ ಅವಳ ಆಸರೆ ಅಲ್ಲಿಗೆ ಕುಸಿಯಿತು. ಅವಳ ಮುಖದಲ್ಲಿ ಅಸಮಾಧಾನವಿದ್ದಂತೆ ಕಾಣಲಿಲ್ಲ.

ಮುಂದಿನ ವಾರ ಮುಂದಿನವರು ಸ್ವಲ್ಪ ತಿರುಗಿ ಕುಳಿತರು. ಎಷ್ಟು ಸ್ವಲ್ಪವೆಂದರೆ ಕೆನ್ನೆಯ ಉಬ್ಬಿನಾಚೆ ರೆಪ್ಪೆಕೂದಲಿನ ತುದಿ ಮಾತ್ರ ಇಣುಕಬೇಕು. ಆ ಪುಟ ಈಗಲೂ ನನ್ನ ಕಣ್ಣ ಮುಂದಿದೆ. ಕಿವಿಗೆ ಹತ್ತು ನಿಮಿಷ ಹಿಡಿದವಳು ಕೆನ್ನೆಯ ಗೆರೆಯನ್ನು ಒಂದೇ ಎಳೆತಕ್ಕೆ ಇಳಿಸಿ, ನಿಂತು, ಉಸಿರು ಹಿಡಿದು, ಮೂರು ರೆಪ್ಪೆಕೂದಲು ಬರೆದಳು. ಎರಡು ತಿಂಗಳ ನಂತರ ಅವಳು ಬರೆದ ಮೊದಲ ಕಣ್ಣು ಅದೇ, ಕಣ್ಣೇ ಇಲ್ಲದೆ.

ಆಮೇಲೆ ಪೂರ್ತಿ ಪಕ್ಕದ ಮುಖ. ಇಲ್ಲಿ ಎಲ್ಲ ಮಕ್ಕಳೂ ಎಡವುವ ಜಾಗ ಒಂದೇ: ಹಿಂದಲೆಯನ್ನು ಕತ್ತರಿಸಿಬಿಡುತ್ತಾರೆ, ಕಿವಿಯನ್ನು ಕೆನ್ನೆಗೆ ತಂದಿಡುತ್ತಾರೆ. ಪಕ್ಕದಿಂದ ನೋಡಿದಾಗ ಕಿವಿ ತಲೆಯ ನಡುಗೆರೆಯ ತುಸು ಹಿಂದಿರುತ್ತದೆ. ಹಿಂದಿನಿಂದಲೇ ಹೊರಟು ಬಂದ ಇವಳಿಗೆ ಆ ತೊಂದರೆಯೇ ಆಗಲಿಲ್ಲ, ಅವಳ ತಲೆಗಳಿಗೆ ಹಿಂದಲೆ ಮೊದಲೇ ಇತ್ತು.

ದೀಪವೊಂದನ್ನು ಇಟ್ಟು ಗೋಡೆಯ ಮೇಲಿನ ಹಾಳೆಗೆ ನೆರಳು ಬೀಳಿಸಿ ಗೆಳೆಯರ ಪಕ್ಕದ ಮುಖವನ್ನು ಗೆರೆ ಎಳೆದು ಹಿಡಿಯುವ ಆಟವನ್ನೂ ಆಡಿಸಿದೆ. ದೂರ ಹೊರಡುವ ಪ್ರಿಯಕರನ ನೆರಳನ್ನು ಹುಡುಗಿಯೊಬ್ಬಳು ಗೋಡೆಯ ಮೇಲೆ ಗೆರೆ ಎಳೆದು ಉಳಿಸಿಕೊಂಡಳು, ಕುಂಬಾರನಾದ ಅವಳ ತಂದೆ ಅದಕ್ಕೆ ಜೇಡಿಮಣ್ಣು ಮೆತ್ತಿ ಮುಖ ಮಾಡಿದ ಎಂಬ ಕಥೆಯನ್ನು ಪ್ರಾಚೀನ ರೋಮಿನ ಲೇಖಕ ಪ್ಲಿನಿ ಬರೆದಿಟ್ಟಿದ್ದಾನೆ. ಮಕ್ಕಳಿಗೆ ಕಥೆಗಿಂತ, ದೀಪಕ್ಕೆ ಹತ್ತಿರ ಹೋದರೆ ಮೂಗು ದೊಡ್ಡದಾಗುವುದೇ ಹೆಚ್ಚು ಇಷ್ಟವಾಯಿತು.

ಈ ಆಟವನ್ನು ಅವಳು ಮನೆಗೆ ಒಯ್ದಳು. ಮರುವಾರ ಸುರುಳಿ ಸುತ್ತಿದ ಹಾಳೆಯೊಂದಿಗೆ ಬಂದು ನಾನು ಚೀಲ ಕೆಳಗಿಡುವ ಮೊದಲೇ ಬಿಡಿಸಿದಳು.

“ಸರ್, ನೋಡಿ. ಅಜ್ಜಿಯ ಗದ್ದ ಮೂಗಿನ ಹತ್ತಿರವೇ ಬಂದುಬಿಟ್ಟಿದೆ. ನಾನು ಮೊದಲು ಬರೆದದ್ದೇ ಸರಿ ಇತ್ತು.”

“ಹೌದು,” ಎಂದೆ. “ಸರಿ ಇತ್ತು. ಎಷ್ಟು ಹತ್ತಿರ ಬಂದಿದೆ?”

ಅಳತೆ ಆಗ ಅವಳಿಗೆ ಬೇಕಾಯಿತು. ಪೆನ್ಸಿಲನ್ನು ನೆರಳಿನ ಮೇಲಿಟ್ಟು ಹುಬ್ಬಿನಿಂದ ಮೂಗಿನ ಬುಡದವರೆಗೆ ಹೆಬ್ಬೆರಳಿನಿಂದ ಹಿಡಿದಳು. ಹಾಗೇ ಕೆಳಗಿಳಿಸಿ ಮೂಗಿನ ಬುಡಕ್ಕಿಟ್ಟಳು. ಪೆನ್ಸಿಲ್ ಗದ್ದ ದಾಟಿ ಕೆಳಗೆ ಹೋಯಿತು. ಮತ್ತೊಮ್ಮೆ ಅಳೆದಳು. “ಒಂದು ಪಾಲು ಗಿಡ್ಡ,” ಎಂದಳು. ಹಳೆಯ ಪಾಠದ ‘ಸಮ’ ಆಗ ಮೊದಲ ಬಾರಿಗೆ ಕೆಲಸಕ್ಕೆ ಬಂತು, ಅಜ್ಜಿ ಎಲ್ಲಿ ಅದನ್ನು ಬಿಟ್ಟು ನಡೆದಿದ್ದಾಳೆ ಎಂದು ತೋರಿಸಲು.

ಜರ್ಮನಿಯ ಚಿತ್ರಕಾರ ಆಲ್ಬ್ರೆಕ್ಟ್ ಡ್ಯೂರರ್ ಮಾಡಿದ್ದೂ ಇದನ್ನೇ. ಮನುಷ್ಯನ ಅಳತೆಗಳ ಕುರಿತು ಅವನು ಬರೆದ ನಾಲ್ಕು ಭಾಗಗಳ ಗ್ರಂಥ ಅವನು ತೀರಿಕೊಂಡ 1528ರಲ್ಲೇ ಅಚ್ಚಾಯಿತು. ಅದರಲ್ಲಿ ಒಂದು ತಲೆಯ ಮೇಲೆ ಚೌಕುಳಿ ಗೆರೆ ಹಾಕಿ, ಒಂದೊಂದು ಗೆರೆಯನ್ನು ಮೇಲೆ ಕೆಳಗೆ ಸರಿಸಿ, ಓರೆ ಮಾಡಿ, ಒಂದೇ ತಲೆಯಿಂದ ಬೇರೆ ಬೇರೆ ಜನರನ್ನು ಹುಟ್ಟಿಸಿ ತೋರಿಸಿದ್ದಾನೆ. ಇದನ್ನು ನಾನು ಓದಿದ್ದು ಎಷ್ಟೋ ವರ್ಷದ ಹಿಂದೆ. ತರಗತಿಗೆ ತಂದದ್ದು ಅವನ ಸಮ ಗೆರೆಗಳನ್ನು ಮಾತ್ರ. ಸರಿಸುವ ಆಟವನ್ನು ಮನೆಯಲ್ಲೇ ಬಿಟ್ಟು ಬಂದಿದ್ದೆ. ಅಂದು ಕಪ್ಪುಹಲಗೆಯ ಮೇಲೆ ಮೂರು ಅಡ್ಡಗೆರೆ ಹಾಕಿ, ಯಾವುದನ್ನು ಸರಿಸಿದರೆ ಯಾರಾಗುತ್ತಾರೆ ಎಂದು ಕೇಳಿದೆ. ಗದ್ದದ ಗೆರೆ ಮೇಲಕ್ಕೆ, ಅಜ್ಜಿ. ಕಣ್ಣಿನ ಗೆರೆ ಕೆಳಕ್ಕೆ, ಪಾಪು. ಮೂಗಿನ ಗೆರೆ ಕೆಳಕ್ಕೆ ಸರಿದಾಗ ಎಲ್ಲರೂ ಒಮ್ಮೆಲೇ ನನ್ನನ್ನು ನೋಡಿ ನಕ್ಕರು.

ಈಗ ಎಲ್ಲಿಗೆ ಬಂದಿದೆ

ಮೊಟ್ಟೆಯ ಪಾಠವನ್ನು ನಾನು ಕೈಬಿಟ್ಟಿಲ್ಲ, ಜಾಗ ಬದಲಿಸಿದ್ದೇನೆ. ಮೊದಲು ಎದುರಿಗಿರುವ ಮುಖವನ್ನು ಬರೆಯುತ್ತಾರೆ, ಹೇಗೆ ಬಂದರೆ ಹಾಗೆ. ಆಮೇಲೆ ಪೆನ್ಸಿಲ್ ಹಿಡಿದು ಎದುರಿನವರನ್ನೂ ತಮ್ಮ ಹಾಳೆಯನ್ನೂ ಅಳೆದು ನೋಡುತ್ತಾರೆ. ತಪ್ಪು ಸಿಕ್ಕ ಕಡೆ ಅಳಿಸದೆ ಪಕ್ಕದಲ್ಲಿ ಇನ್ನೊಂದು ಗೆರೆ ಎಳೆಯಬೇಕು. ರಬ್ಬರ್ ನನ್ನ ಮೇಜಿನ ಮೇಲಿರುತ್ತದೆ. ಹೀಗೆ ಕಲಿಯುವುದು ನಿಧಾನ. ಗೋಡೆಗೆ ಅಂಟಿಸಿದಾಗ ಮೊದಲಿನಷ್ಟು ಚಂದವೂ ಕಾಣುವುದಿಲ್ಲ. ಒಬ್ಬ ತಂದೆ, “ಹೋದ ವರ್ಷವೇ ಚೆನ್ನಾಗಿ ಬರೆಯುತ್ತಿದ್ದ,” ಎಂದು ಬೇಸರಪಟ್ಟುಕೊಂಡರು. ಅವರ ಮಟ್ಟಿಗೆ ಅದು ನಿಜ.

ಹುಡುಗಿಯ ಮುಖಗಳಲ್ಲಿ ಕಣ್ಣು ಈಗಲೂ ಬೆರಳಿನಷ್ಟು ಮೇಲೇ ಇರುತ್ತದೆ. ನಗುವ ಬಾಯಿಗೆ ಬೇಲಿಯ ಗೂಟಗಳಂತೆ ಒಂದೊಂದೇ ಹಲ್ಲು ನೆಡುತ್ತಾಳೆ; ಹಲ್ಲುಗಳ ನಡುವಿನ ಗೆರೆ ದೂರದಿಂದ ಕಾಣುವುದಿಲ್ಲವೆಂದು ಹೇಳಿದ್ದೇನೆ, ಅವಳಿನ್ನೂ ಒಪ್ಪಿಲ್ಲ. ಜನಜಂಗುಳಿಯ ಚಿತ್ರದಲ್ಲಿ ಅರ್ಧಕ್ಕರ್ಧ ಜನ ಬೆನ್ನು ತಿರುಗಿಸಿಯೇ ಇರುತ್ತಾರೆ. ಅದನ್ನು ನಾನು ತಿದ್ದಲು ಹೋಗುವುದಿಲ್ಲ, ಜನಜಂಗುಳಿಯಲ್ಲಿ ನಿಂತರೆ ಕಾಣುವುದೂ ಅಷ್ಟೇ.

ಅಜ್ಜಿಯ ನೇರ ಮುಖವನ್ನು ಅವಳು ಬರೆದದ್ದು ಶುರುವಿನಿಂದ ಲೆಕ್ಕ ಹಾಕಿದರೆ ಐದನೆಯ ತಿಂಗಳಿನಲ್ಲಿ. ಮನೆಯಲ್ಲಿ, ಎದುರಿಗೆ ಕೂರಿಸಿಕೊಂಡು. ಒಳಕ್ಕೆ ಹೋದ ತುಟಿ, ಮೇಲಕ್ಕೆ ಬಂದ ಗದ್ದ, ಹುಬ್ಬಿನಿಂದ ಮೂಗಿನ ಬುಡವನ್ನೂ ದಾಟಿ ಇಳಿದ ಕಿವಿ. ತೋರಿಸಿದಾಗ ಅಜ್ಜಿ ಏನೆಂದರು ಎಂದು ಕೇಳಿದೆ.

“ಬೈದರು, ಸರ್. ಹಲ್ಲಿನ ಸೆಟ್ ಹಾಕಿಕೊಳ್ಳುವವರೆಗೆ ಕಾಯಬಾರದಿತ್ತೇ ಎಂದರು.”

ಪುಟ ತಿರುಗಿಸಿದಳು. ಅಲ್ಲಿ ಹಲ್ಲಿನ ಸೆಟ್ ಹಾಕಿಕೊಂಡ ಅಜ್ಜಿ ಇದ್ದರು. ಗದ್ದ ಒಂದು ಬೆರಳು ಕೆಳಗಿತ್ತು, ಪಕ್ಕದಲ್ಲಿ ಅಳತೆಯ ಗೀಟುಗಳನ್ನು ಅಳಿಸದೆ ಹಾಗೇ ಬಿಟ್ಟಿದ್ದಳು.